ಆ್ಯಕೊಲೈಟ್ ಅಂದ್ರೆ ಚೇಲಾನಾ?

2024ರಲ್ಲಿ ಸ್ಟಾರ್ ವಾರ್ಸ್‌ನವರು ‘ದಿ ಆ್ಯಕೊಲೈಟ್’ ಅಂತ ಒಂದು ಸೀರೀಸ್ ಬಿಟ್ಟರು. ಒಂದೇ ಸೀಸನ್‌ಗೆ ಮುಗಿದೂ ಹೋಯ್ತು. ಅದನ್ನು ನೋಡಿದವರಿಗೆ, ಇಲ್ಲವೇ ವಾರ್‌ಕ್ರಾಫ್ಟ್ 3 ಆಡಿದವರಿಗೆ ಈ ಪದ ಹೊಸದಲ್ಲ. ಎರಡೂ ಕಡೆ ಅರ್ಥ ಹೆಚ್ಚು ಕಡಿಮೆ ಒಂದೇ: ಯಾವುದೋ ಕತ್ತಲ ಶಕ್ತಿಯ ಕೈಕೆಳಗೆ ದುಡಿಯೋ ಚೇಲಾ. ಇಂಗ್ಲಿಷ್ ಪೇಪರ್‌ಗಳಲ್ಲೂ ಅಷ್ಟೇ, ನಾಯಕನ ಸುತ್ತ ನಿಂತು ಹೇಳಿದ್ದಕ್ಕೆಲ್ಲ ತಲೆ ಆಡಿಸೋರನ್ನ ಆ್ಯಕೊಲೈಟ್ಸ್ ಅಂತ ಕರೀತಾರೆ. ಅಸಲಿಗೆ ಇದು ಚರ್ಚಿನ ಪದ. ಪೂಜೆಯ ಹೊತ್ತಲ್ಲಿ ಪಾದ್ರಿಗೆ ನೆರವಾಗುವ ಸಹಾಯಕನ ಹೆಸರು. ಅದಕ್ಕೂ ಹಿಂದೆ ಗ್ರೀಕ್ ಪದ.

ಗ್ರೀಕಿನಲ್ಲಿ ಅದು ‘ಅಕೊಲೂಥೋಸ್’. ಇಲ್ಲಿ ‘ಕೆಲ್ಯೂಥೋಸ್’ ಅಂದ್ರೆ ದಾರಿ. ಮುಂದಿರೋ ‘ಅ’ ನೋಡಿದ ಕೂಡಲೇ ನಮಗೆ ಅಧರ್ಮ, ಅನ್ಯಾಯ ನೆನಪಾಗಿ, ‘ದಾರಿ ಇಲ್ಲದವನು’ ಅಂತ ಅರ್ಥ ಮಾಡ್ಕೊಳ್ಳೋದು ಸಹಜ. ಆದರೆ ಗ್ರೀಕಿನಲ್ಲಿ ಎರಡು ‘ಅ’ಗಳಿವೆ. ಒಂದು ‘ಇಲ್ಲ’ ಅನ್ನುವ ‘ಅ’, ಇನ್ನೊಂದು ‘ಒಟ್ಟಿಗೆ, ಅದೇ’ ಅನ್ನುವ ‘ಅ’. ಈ ಎರಡನೆಯದು ಸಂಸ್ಕೃತದ ‘ಸ’ಕ್ಕೆ ನಂಟು. ಸಂಸ್ಕೃತದಲ್ಲಿ ‘ಸ’ ಇರುವ ಎಷ್ಟೋ ಕಡೆ ಗ್ರೀಕಿನಲ್ಲಿ ‘ಹ’ ಬರುತ್ತೆ: ಸಪ್ತ–ಹೆಪ್ಟ (ಹೆಪ್ಟಗಾನ್ ನೆನಪಿಸ್ಕೊಳ್ಳಿ), ಸಮ–ಹೋಮೊ. ಕೆಲವು ಪದಗಳಲ್ಲಿ ಆ ‘ಹ’ ಕೂಡ ಬಿದ್ದುಹೋಗಿ ಬರೀ ‘ಅ’ ಉಳೀತು. ಕನ್ನಡದವರಿಗೆ ಇದನ್ನ ನಂಬೋದು ಕಷ್ಟವಲ್ಲ. ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆಯ್ತು, ಮಂಡ್ಯದ ಕಡೆ ಮಾತಲ್ಲಿ ಅದೇ ‘ಆಲು’ ಆಗುತ್ತೆ. ಅಲ್ಲಿ ‘ಸ’ ಹೋದ ದಾರೀಲೇ ಇಲ್ಲಿ ‘ಪ’ ಹೋಗಿದೆ.

ಹಾಗಾಗಿ ಅಕೊಲೂಥೋಸ್ ಅಂದ್ರೆ ‘ಅದೇ ದಾರಿಯಲ್ಲಿ ನಡೆಯುವವನು’. ಹಿಂದೆ ಅಂತಿಲ್ಲ, ಕೆಳಗೆ ಅಂತಂತೂ ಇಲ್ಲ. ಪದವನ್ನು ಬಿಡಿಸಿದರೆ ಸಿಗೋದು ಇಷ್ಟೇ. ಬಳಕೆ ಮಾತ್ರ ಬೇರೆ ಥರ ಇತ್ತು. ಒಡೆಯನ ಜತೆ ಬರುತ್ತಿದ್ದ ಆಳನ್ನೂ ಗ್ರೀಕರು ಅಕೊಲೂಥೋಸ್ ಅಂತಲೇ ಕರೀತಿದ್ದರು. ಒಟ್ಟಿಗೆ ನಡೆಯೋರಲ್ಲಿ ಒಬ್ಬ ಗಂಟು ಹೊತ್ತಿದ್ದರೆ ಇನ್ನೊಬ್ಬ ಕೈಬೀಸಿಕೊಂಡು ಹೋಗ್ತಿದ್ದ ಅನ್ನಿ.

ನಮ್ಮ ಬ್ರಾಂಚಿನವರಿಗೆ ಖುಷಿ ಕೊಡೋ ವಿಷಯ ಒಂದಿದೆ. ತರ್ಕಶಾಸ್ತ್ರದಲ್ಲಿ ‘ಪಿ ಆದರೆ ಕ್ಯೂ’ ಅಂತೀವಲ್ಲ, ಅಲ್ಲಿ ಪಿಯಿಂದ ಕ್ಯೂ ಬರುತ್ತೆ ಅನ್ನೋಕೆ ಗ್ರೀಸಿನ ಸ್ಟೋಯಿಕ್ ತತ್ವಜ್ಞಾನಿಗಳು ಬಳಸಿದ್ದು ಇದೇ ಪದದ ಕ್ರಿಯಾರೂಪವನ್ನ. ಇನ್ನು, ಶುರು ಮಾಡಿದ ವಾಕ್ಯ ಮಧ್ಯದಲ್ಲಿ ದಾರಿ ತಪ್ಪಿ ಬೇರೆ ವಾಕ್ಯವಾಗಿ ಮುಗಿದರೆ ವ್ಯಾಕರಣದವರು ‘ಅನಕೊಲೂಥಾನ್’ ಅಂತಾರೆ. “ಸರ್, ಈ ಸರ್ಕ್ಯೂಟಲ್ಲಿ ಕರೆಂಟು ಏನಾಗುತ್ತೆ ಅಂದ್ರೆ... ಮೊನ್ನೆ ನೀವೇ ಹೇಳಿದ್ರಲ್ಲ ಸರ್!” ವೈವಾದಲ್ಲಿ ನಾವೆಲ್ಲ ಇದರಲ್ಲಿ ಪಂಡಿತರೇ.

ಚರ್ಚಿಗೆ ಬರೋಣ. 251ರ ಹೊತ್ತಿಗೆ ರೋಮಿನ ಬಿಷಪ್ ಕೊರ್ನೇಲಿಯಸ್ ಒಂದು ಪತ್ರದಲ್ಲಿ ತನ್ನ ಚರ್ಚಿನ ಸಿಬ್ಬಂದಿಯ ಲೆಕ್ಕ ಕೊಟ್ಟಿದ್ದಾನೆ. ಪಾದ್ರಿಗಳು 46, ಡೀಕನ್‌ಗಳು 7, ಉಪಡೀಕನ್‌ಗಳು 7, ಆ್ಯಕೊಲೈಟ್‌ಗಳು 42. ದೆವ್ವ ಬಿಡಿಸುವವರು, ಗ್ರಂಥ ಓದುವವರು, ಬಾಗಿಲು ಕಾಯುವವರು ಸೇರಿ 52. ಚರ್ಚಿನ ಆಸರೆಯಲ್ಲಿದ್ದ ವಿಧವೆಯರು, ಬಡವರು 1,500ಕ್ಕೂ ಹೆಚ್ಚು. ಅಂದ್ರೆ ಆ್ಯಕೊಲೈಟ್ ಅನ್ನೋದು ಬೈಗುಳ ಆಗಿರಲಿಲ್ಲ, ಹುದ್ದೆ ಆಗಿತ್ತು. ಹೆಚ್ಚು ಕಡಿಮೆ ಪಾದ್ರಿಗಳಷ್ಟೇ ಸಂಖ್ಯೆಯ ಹುದ್ದೆ.

ಕೆಲಸ ಏನು? ಆಗ ಕ್ರೈಸ್ತರಾಗಿರೋದೇ ಅಪಾಯ. 257ರ ಸುಮಾರಿಗೆ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಸ್ವತಃ ಗಡೀಪಾರಾಗಿದ್ದ. ಅವನ ಜನರಲ್ಲಿ ಅನೇಕರು ಶಿಕ್ಷೆಯಾಗಿ ಗಣಿಗಳಲ್ಲಿ ಕೊಳೀತಿದ್ದರು. ಅವರಿಗೆ ಪತ್ರ, ಹಣ ತಲುಪಿಸಿದವರು ಒಬ್ಬ ಉಪಡೀಕನ್ ಮತ್ತು ಕೆಲವರು ಆ್ಯಕೊಲೈಟ್‌ಗಳು. ಸಿಕ್ಕಿಬಿದ್ದರೆ ಅದೇ ಗಣಿಗೆ ಇವರೂ ಹೋಗಬೇಕಾಗಬಹುದಿತ್ತು. ಕಾಲ ತಿಳಿಯಾದ ಮೇಲೂ ಓಡಾಟ ನಿಲ್ಲಲಿಲ್ಲ. 416ರ ಒಂದು ಪತ್ರದಲ್ಲಿ ಪೋಪ್ ಇನ್ನೊಸೆಂಟ್ ಬರೆದ ಪ್ರಕಾರ, ಭಾನುವಾರ ತಾನು ಪೂಜೆ ಮಾಡಿದ ರೊಟ್ಟಿಯ ತುಣುಕನ್ನು ಆ್ಯಕೊಲೈಟ್‌ಗಳು ರೋಮಿನ ಬೇರೆ ಬೇರೆ ಚರ್ಚುಗಳಿಗೆ ಒಯ್ಯುತ್ತಿದ್ದರು, ಊರಿನ ಎಲ್ಲರೂ ಒಂದೇ ಪಂಕ್ತಿಯವರು ಅಂತ ತೋರಿಸೋಕೆ. ‘ದಾರಿ’ ಅನ್ನೋ ಮೂಲ ಅರ್ಥ ಇವರ ಕಾಲಲ್ಲೇ ಇತ್ತು.

ಆಮೇಲೆ ಹುದ್ದೆ ಸಣ್ಣದಾಗ್ತಾ ಬಂತು. ಐದನೇ ಶತಮಾನದ ಗಾಲ್ ಪ್ರದೇಶದ ಒಂದು ನಿಯಮಾವಳಿ ಪ್ರಕಾರ, ದೀಕ್ಷೆಯ ದಿನ ಆ್ಯಕೊಲೈಟ್‌ನ ಕೈಗೆ ಮೇಣದ ದೀಪದ ಕಂಬ, ಒಂದು ಖಾಲಿ ಹೂಜಿ ಕೊಡ್ತಿದ್ದರು. ದೀಪ ಹಚ್ಚೋದು, ದ್ರಾಕ್ಷಾರಸ ತುಂಬೋದು ಇನ್ನು ನಿನ್ನ ಕೆಲಸ ಅಂತ. ಮುಂದೆ ಅದು ಪಾದ್ರಿಯಾಗುವ ಹಾದಿಯ ಒಂದು ಮೆಟ್ಟಿಲಾಯ್ತು. ದೀಪ ಹಚ್ಚೋ ಕೆಲಸ ಊರ ಹುಡುಗರ ಪಾಲಿಗೆ ಬಂತು. ಮಂಗಳೂರಿನ ಚರ್ಚುಗಳಲ್ಲಿ ಬಿಳಿ ನಿಲುವಂಗಿ ತೊಟ್ಟು ನಿಲ್ಲುವ ಆಲ್ಟರ್ ಬಾಯ್ಸ್ ಅಂತೀವಲ್ಲ, ಅದೇ ಸಾಲಿನವರು. 1972ರಲ್ಲಿ ಆರನೇ ಪೌಲ್ ಪೋಪ್ ಹಳೇ ಮೆಟ್ಟಿಲುಗಳನ್ನ ತೆಗೆದುಹಾಕಿ, ಆ್ಯಕೊಲೈಟ್ ಮತ್ತು ಗ್ರಂಥ ಓದುಗ, ಇವೆರಡನ್ನ ಮಾತ್ರ ಸೇವೆಗಳಾಗಿ ಉಳಿಸಿದರು. ಆದರೂ ಅಧಿಕೃತವಾಗಿ ಆ ಸ್ಥಾನ ಗಂಡಸರಿಗೆ ಮಾತ್ರ. ಹೆಂಗಸರಿಗೂ ಅದನ್ನ ತೆರೆದದ್ದು ಪೋಪ್ ಫ್ರಾನ್ಸಿಸ್, 2021ರ ಜನವರಿಯಲ್ಲಿ. ‘ಅದೇ ದಾರಿಯವರು’ ಅನ್ನೋ ಹೆಸರಿನ ಹುದ್ದೆಗೆ ಅಷ್ಟು ಕಾಲ ಹಿಡೀತು.

ಇದನ್ನ ಕನ್ನಡಕ್ಕೆ ಹೇಗೆ ತರೋದು? ‘ಚೇಲಾ’ ಮೂಲದಲ್ಲಿ ಶಿಷ್ಯ ಅಂತಲೇ, ಈಗ ಬೈಗುಳ. ‘ಅನುಯಾಯಿ’, ‘ಅನುಚರ’ ಎರಡರಲ್ಲೂ ‘ಅನು’ ಇದೆ, ಅಂದ್ರೆ ಹಿಂದೆ ನಡೆಯೋದು. ದೇವಸ್ಥಾನಗಳಲ್ಲಿ ಅರ್ಚಕರಿಗೆ ನೀರು, ಹೂವು ಒದಗಿಸುವ ‘ಪರಿಚಾರಕ’ ಕೆಲಸದ ಮಟ್ಟಿಗೆ ತೀರ ಹತ್ತಿರ, ಆದರೆ ಪದದೊಳಗೆ ಇರೋದು ಸುತ್ತಮುತ್ತ ಓಡಾಡೋದು. ಬಿಡಿಸಿ ನೋಡಿದರೆ ಹೆಚ್ಚು ಕಡಿಮೆ ಸರಿಯಾಗಿ ಕೂರೋದು ‘ಸಹಚರ’. ಆದರೆ ಇವತ್ತಿನ ಪೇಪರ್ ತೆಗೆದು ನೋಡಿ, ಸಹಚರರು ಸಿಗೋದು ಯಾವ ಪುಟದಲ್ಲಿ? ‘ರೌಡಿಶೀಟರ್ ಮತ್ತು ಆತನ ಮೂವರು ಸಹಚರರ ಬಂಧನ.’