ಮಾತಂಗ ಬೆಟ್ಟದ ಬೆಳಗನ್ನು ಫೋಟೊದಲ್ಲಿ ಹಿಡಿಯುವುದು ಹೇಗೆ?

ಹಂಪಿಗೆ ಹೋದವರಲ್ಲಿ ಅನೇಕರು ನಸುಕಿನಲ್ಲೇ ಎದ್ದು ಮಾತಂಗ ಬೆಟ್ಟ ಹತ್ತುತ್ತಾರೆ. ಮೇಲೆ ವೀರಭದ್ರನ ಗುಡಿ, ಕೆಳಗೆ ಅಚ್ಯುತರಾಯ ದೇವಾಲಯ, ಸುತ್ತಲೂ ಬಂಡೆಗಳ ರಾಶಿ. ಕಣ್ಣಿಗೆ ಕಂಡದ್ದು ಅಷ್ಟು ಚೆಂದ. ಇಳಿದು ಬಂದು ಮೊಬೈಲ್ ತೆರೆದರೆ ಆಕಾಶ ಸುಣ್ಣ ಬಳಿದಂತೆ ಬೆಳ್ಳಗಾಗಿರುತ್ತದೆ, ಇಲ್ಲವೇ ದೇವಾಲಯ ಇದ್ದಿಲಿನಂತೆ ಕಪ್ಪಾಗಿರುತ್ತದೆ. ನಿಮಗೂ ಹೀಗಾಗಿದ್ದರೆ ಹೊಸ ಕ್ಯಾಮೆರಾ ಕೊಳ್ಳುವ ಯೋಚನೆ ಬೇಡ. ಕಂಪೋಸಿಷನ್, ಎಕ್ಸ್‌ಪೋಷರ್ ಎರಡನ್ನೂ ಸ್ವಲ್ಪ ಅರ್ಥ ಮಾಡಿಕೊಂಡರೆ ಸಾಕು.

ಕಂಪೋಸಿಷನ್ ಎಂದರೆ ಚೌಕಟ್ಟಿನೊಳಗೆ ಯಾವುದು ಇರಬೇಕು, ಎಲ್ಲಿರಬೇಕು ಎಂದು ತೀರ್ಮಾನಿಸುವುದು. ದೇವಾಲಯದ ಮುಂದಿನಿಂದ ಉತ್ತರಕ್ಕೆ, ತುಂಗಭದ್ರೆಯ ಕಡೆಗೆ, ಹಳೆಯ ಪೇಟೆಬೀದಿ ನೇರವಾಗಿ ಸಾಗುತ್ತದೆ. ಎರಡೂ ಬದಿಗೆ ಕಲ್ಲುಕಂಬಗಳ ಸಾಲು. ನೋಡುವವರ ಕಣ್ಣನ್ನು ಕೈಹಿಡಿದು ಒಳಗೆ ಕರೆದೊಯ್ಯುವ ಗೆರೆ ಅದು. ಅದನ್ನು ಅಡ್ಡಡ್ಡ ಕತ್ತರಿಸಬೇಡಿ. ಚೌಕಟ್ಟಿನ ಕೆಳಮೂಲೆಯ ಹತ್ತಿರದಿಂದ ಒಳಕ್ಕೆ ಓಡುವಂತೆ ನಾಲ್ಕು ಹೆಜ್ಜೆ ಸರಿದು ನಿಲ್ಲಿ. ಕ್ಯಾಮೆರಾದಲ್ಲಿ ಗ್ರಿಡ್ (ಪರದೆಯ ಮೇಲಿನ ಚೌಕಳಿ ಗೆರೆ) ಹಾಕಿಕೊಳ್ಳಿ. ಮೋಡವಿಲ್ಲದ ಬರಿಯ ಆಕಾಶಕ್ಕೆ ಮೇಲಿನ ಮೂರನೇ ಒಂದು ಭಾಗವೇ ಹೆಚ್ಚು.

ಇನ್ನೊಂದು ತಪ್ಪು ಬಹಳ ಮಂದಿಯದು. ಎಲ್ಲವೂ ಹಿಡಿಸಲಿ ಎಂದು ವೈಡ್ ಲೆನ್ಸ್, ಮೊಬೈಲಿನಲ್ಲಾದರೆ 0.5, ಹಾಕುತ್ತಾರೆ. ಆಗ ದೂರದ ಗೋಪುರ ಕಡಲೆಕಾಳಿನಷ್ಟಾಗುತ್ತದೆ. ದೇವಾಲಯವೇ ಮುಖ್ಯವಾದರೆ 2ಎಕ್ಸ್‌ಗೆ ಹೋಗಿ. ವೈಡ್ ಬೇಕೇ ಬೇಕು ಎಂದರೆ ಹತ್ತಿರದಲ್ಲಿ ಏನಾದರೂ ಇರಲಿ. ಬಂಡೆಯ ಸೀಳಿನಲ್ಲಿ ಒಣಹುಲ್ಲಿನ ಗೊಂಚಲು ಇರುತ್ತದೆ. ಹಿಂದಿನಿಂದ ಬೆಳಕು ಬಿದ್ದಾಗ ಅದರ ಒಂದೊಂದು ಎಳೆಯೂ ತಾಮ್ರದ ತಂತಿಯಂತೆ ಹೊಳೆಯುತ್ತದೆ. ಕುಕ್ಕರುಗಾಲಲ್ಲಿ ಕೂತು ಅದನ್ನು ಮುಂದಿಟ್ಟುಕೊಳ್ಳಿ. ಹುಲ್ಲು ಒಂದು ಮೀಟರ್ ದೂರದಲ್ಲಿದ್ದರೆ ಸುಮಾರು ಎರಡು ಮೀಟರ್ ದೂರಕ್ಕೆ ಫೋಕಸ್ ಮಾಡಿ. ಹುಲ್ಲೂ ಗೋಪುರವೂ ಸಾಕಷ್ಟು ಸ್ಪಷ್ಟವಾಗಿ ಬರುತ್ತವೆ.

ಈಗ ಎಕ್ಸ್‌ಪೋಷರ್, ಅಂದರೆ ಸೆನ್ಸರ್ ಮೇಲೆ ಬೀಳುವ ಬೆಳಕಿನ ಪ್ರಮಾಣ. ಕ್ಯಾಮೆರಾದ ಮೀಟರ್‌ಗೆ ಎದುರಿಗಿರುವುದು ಆಕಾಶವೋ ಬಂಡೆಯೋ ಗೊತ್ತಾಗುವುದಿಲ್ಲ. ಎಲ್ಲವನ್ನೂ ಸರಾಸರಿ ಬೂದು ಬಣ್ಣಕ್ಕೆ ತರಲು ಅದು ನೋಡುತ್ತದೆ. ಕಪ್ಪು ಬಂಡೆ ಹೆಚ್ಚಿದ್ದರೆ ಬೆಳಕು ಏರಿಸುತ್ತದೆ, ಆಕಾಶ ಸುಟ್ಟುಹೋಗುತ್ತದೆ. ಹೀಗೆ ಪೂರ್ತಿ ಬಿಳಿಯಾದ ಜಾಗದಿಂದ ಆಮೇಲೆ ಏನನ್ನೂ ಹೊರತೆಗೆಯಲಾಗದು. ಕತ್ತಲಾದ ಜಾಗದಿಂದ ಸಾಕಷ್ಟು ತೆಗೆಯಬಹುದು. ಆದ್ದರಿಂದ ಸೂರ್ಯೋದಯದಲ್ಲಿ ಮೊದಲು ಆಕಾಶವನ್ನು ಉಳಿಸಿಕೊಳ್ಳಿ.

ಮೊಬೈಲಿನಲ್ಲಿ ಆಕಾಶದ ಹೊಳಪಿರುವ ಕಡೆ ಬೆರಳನ್ನು ಒತ್ತಿ ಹಿಡಿಯಿರಿ. ಹೆಚ್ಚಿನ ಫೋನ್‌ಗಳಲ್ಲಿ ಬೆಳಕು ಅಲ್ಲಿಗೆ ಲಾಕ್ ಆಗುತ್ತದೆ. ಪಕ್ಕದ ಸೂರ್ಯನ ಗುರುತನ್ನು ಕೆಳಗೆಳೆದು ಹೊಳಪು ತಗ್ಗಿಸಿ. ಕ್ಯಾಮೆರಾದಲ್ಲಾದರೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/8ರಿಂದ ಎಫ್/11, ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಮೀಟರ್ ಹೇಳಿದ ಬೆಳಕನ್ನು ಏರಿಸಿ ಇಳಿಸುವ ಹೊಂದಾಣಿಕೆ) ಮೈನಸ್ 1. ಎಫ್/22ಕ್ಕೆ ಹೋದರೆ ಇನ್ನೂ ಸ್ಪಷ್ಟವಾಗುವುದಿಲ್ಲವೇ ಎಂದು ನೀವು ಕೇಳಬಹುದು. ಇಲ್ಲ. ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಬಾಗಿ ಹರಡುತ್ತದೆ, ಚಿತ್ರವೇ ಮಸುಕಾಗುತ್ತದೆ. ತೆಗೆದ ಮೇಲೆ ಹಿಸ್ಟೋಗ್ರಾಮ್ ನೋಡಿ. ಬೆಳಕಿನ ಹಂಚಿಕೆ ತೋರಿಸುವ ಗುಡ್ಡದಾಕಾರದ ನಕ್ಷೆ ಅದು. ಗುಡ್ಡ ಬಲಗಡೆಯ ಗೋಡೆಗೆ ಒತ್ತಿಕೊಂಡಿದ್ದರೆ ಇನ್ನಷ್ಟು ತಗ್ಗಿಸಿ. ಪರದೆಯ ಹೊಳಪನ್ನು ನಂಬಬೇಡಿ, ನಸುಗತ್ತಲಲ್ಲಿ ಅದು ಮೋಸ ಮಾಡುತ್ತದೆ. ಸೌಲಭ್ಯವಿದ್ದರೆ ರಾ ಫೈಲ್ (ಸೆನ್ಸರ್ ಕಂಡದ್ದನ್ನೆಲ್ಲ ಉಳಿಸುವ ಕಡತ) ಇಟ್ಟುಕೊಳ್ಳಿ. ನೆರಳು ಎತ್ತಲು ಉಚಿತ ಸ್ನ್ಯಾಪ್‌ಸೀಡ್ ಆ್ಯಪ್ ಸಾಕು.

ಇದೇ ಜೋಗ ಜಲಪಾತದಲ್ಲಾದರೆ ಲೆಕ್ಕ ತಿರುಗುಮುರುಗು. ಮಳೆಗಾಲದ ಮಂಜು, ಬಿಳಿ ನೀರು ಎರಡನ್ನೂ ಮೀಟರ್ ಬೂದಿಯ ಬಣ್ಣಕ್ಕೆ ಇಳಿಸುತ್ತದೆ. ಅಲ್ಲಿ ಪ್ಲಸ್ 1 ಕೊಡಬೇಕು. ಹಿಸ್ಟೋಗ್ರಾಮ್ ಮಾತ್ರ ಅಲ್ಲೂ ನೋಡುತ್ತಿರಿ.

ಖರ್ಚಿನ ವಿಷಯ. ಮೊದಲು ಕೊಳ್ಳಬೇಕಾದದ್ದು ಟ್ರೈಪಾಡ್. ನಸುಕಿನಲ್ಲಿ ಶಟರ್ ಅರ್ಧ ಸೆಕೆಂಡು ತೆರೆದಿರಬೇಕಾದರೆ ಕೈ ನಿಲ್ಲುವುದಿಲ್ಲ. ಫೋನಿನದು 500ರಿಂದ 1,500 ರೂಪಾಯಿಯೊಳಗೆ ಬರುತ್ತದೆ. ಕ್ಯಾಮೆರಾದ್ದಕ್ಕೆ ಮೂರು ನಾಲ್ಕು ಸಾವಿರವಾದರೂ ಇಡಿ, ಅಗ್ಗದ್ದು ಗಾಳಿಗೆ ನಡುಗುತ್ತದೆ. ಕ್ಲಿಕ್ಕಿಗೆ 2 ಸೆಕೆಂಡಿನ ಟೈಮರ್ ಇಡಿ. ಎಲೆ, ನೀರಿನ ಮೇಲಿನ ಹೊಳಪು ತೆಗೆಯುವ ಪೋಲರೈಸರ್ ಫಿಲ್ಟರ್ ಆಮೇಲಿನ ಮಾತು. ಕೊಳ್ಳುವಾಗ ಲೆನ್ಸಿನ ಮೇಲೆ ಬರೆದಿರುವ 58, 67 ಮುಂತಾದ ಮಿಲಿಮೀಟರ್ ಅಳತೆ ಹೊಂದಿಸಿ ನೋಡಿ. ಸಂರಕ್ಷಿತ ಸ್ಮಾರಕಗಳ ಒಳಗೆ ಟ್ರೈಪಾಡ್ ಇಡಲು ಅನುಮತಿ ಬೇಕಾಗುತ್ತದೆ, ಮೊದಲೇ ವಿಚಾರಿಸಿ.

ಇವೆಲ್ಲ ಕ್ಯಾಮೆರಾ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಸಿಗುತ್ತವೆ. ಬೆಂಗಳೂರಿನಲ್ಲಿ ಲೆನ್ಸ್, ಟ್ರೈಪಾಡುಗಳನ್ನು ದಿನದ ಬಾಡಿಗೆಗೂ ಕೊಡುತ್ತಾರೆ. ಜೊತೆಗೆ ಕೂತು ಕಲಿಯುವ ಆಸೆಯಿದ್ದರೆ 1971ರಲ್ಲಿ ಶುರುವಾದ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯನ್ನು ಸಂಪರ್ಕಿಸಬಹುದು. ಸೂರ್ಯೋದಯದ ಸಮಯ ಮನೆಯ ಗೋಡೆ ಕ್ಯಾಲೆಂಡರಿನಲ್ಲೇ ಸಿಗುತ್ತದೆ. ಅದಕ್ಕೆ ಅರ್ಧ ಗಂಟೆ ಮೊದಲೇ ಟಾರ್ಚ್ ಹಿಡಿದು ಬೆಟ್ಟದ ತುದಿ ಸೇರಿರಿ. ಸೂರ್ಯ ಬಂದ ಮೇಲೆ ಒಮ್ಮೆ ಬೆನ್ನು ತಿರುಗಿಸಿ ಪಶ್ಚಿಮಕ್ಕೂ ನೋಡಿ. ಬಂಡೆಗಳು ಕೆಂಪಾಗುವುದು ಆ ಕಡೆ.