ಕಲ್ಲಿಗೆ ನೀರಿನ ಏಟು

ಪ್ರಶ್ನೆ: ಪೋಕೆಮಾನ್ ಆಟದಲ್ಲಿ ಮಗ ಬಲಶಾಲಿ ಪ್ರಾಣಿಗಳನ್ನೇ ಆರಿಸಿಕೊಂಡರೂ ಸೋಲುತ್ತಾನಲ್ಲ, ಏಕೆ? (ಓದುಗರು, ಹಿರಿಯೂರು)

ಉತ್ತರ: ಬಲವಿದ್ದರೆ ಸಾಲದು, ಸರದಿ ಗೊತ್ತಿರಬೇಕು. ಚಿತ್ರದುರ್ಗದ ಕೋಟೆ ಅಷ್ಟು ಬಲವಿದ್ದ ಹೈದರಾಲಿಗೂ ಮೊದಲ ಮುತ್ತಿಗೆಗೆ ಸಿಗಲಿಲ್ಲ; ಕೈವಶವಾದದ್ದು 1779ರಲ್ಲಿ.

1996ರಲ್ಲಿ ಜಪಾನಿನಲ್ಲಿ ಹುಟ್ಟಿದ ಈ ಆಟದ ಪ್ರಾಣಿಗಳಿಗೂ ದಾಳಿಗಳಿಗೂ ಈಗ ಒಟ್ಟು 18 ಗುಣಗಳಿವೆ. ಕಲ್ಲಿನ ಗುಣದ ಪ್ರಾಣಿಗೆ ನೀರಿನ ಏಟು ಇಮ್ಮಡಿ. ಕಲ್ಲು, ನೆಲ ಎರಡೂ ಆಗಿರುವ ಜಿಯೋಡ್ಯೂಡ್‌ಗೆ ನಾಲ್ಮಡಿ. ಮಾರಿಕಣಿವೆ ಅಣೆಕಟ್ಟೆಯ ನೀರು ದುರ್ಗದ ಬಂಡೆಗೆ ಬಡಿದಂತೆ ಎನ್ನಿ! ದಾಳಿ ಮಾಡುವ ಪ್ರಾಣಿಯ ಗುಣವೂ ದಾಳಿಯ ಗುಣವೂ ಒಂದೇ ಆದರೆ ಏಟು ಒಂದೂವರೆ ಪಟ್ಟು.

ಮಗನ ಬಳಿ ಗ್ಯಾರಡೋಸ್ ಇದೆ ಎನ್ನೋಣ. 'ಡ್ರ್ಯಾಗನ್ ಡ್ಯಾನ್ಸ್' ಎಂಬ ಕುಣಿತವನ್ನು ಒಮ್ಮೆ ಮಾಡಿದರೆ ಅದರ ದಾಳಿಯ ಬಲವೂ ವೇಗವೂ ಒಂದೂವರೆ ಪಟ್ಟಾಗುತ್ತವೆ. ಆದರೆ ನೀರು, ಹಾರಾಟ ಎರಡೂ ಗುಣದ ಅದಕ್ಕೆ ವಿದ್ಯುತ್ತಿನ ಏಟೂ ನಾಲ್ಮಡಿ. ಎದುರಾಳಿಯ ಬಳಿ ವಿದ್ಯುತ್ ಗುಣದ ಪಿಕಾಚು ಇರುವಾಗಲೇ ಅದನ್ನು ಇಳಿಸಿದರೆ ಕುಣಿತ ಅಲ್ಲಿಗೇ ಮುಗಿಯಿತು. ಮೊದಲು ನೆಲದ ಗುಣದ ಪ್ರಾಣಿ ಹೋಗಲಿ. ಅದಕ್ಕೆ ವಿದ್ಯುತ್ ತಟ್ಟುವುದೇ ಇಲ್ಲ, ಅದರ ಏಟು ಮಾತ್ರ ಪಿಕಾಚುವಿಗೆ ಇಮ್ಮಡಿ. ದಾರಿ ತೆರವಾದ ಮೇಲೆ ಗ್ಯಾರಡೋಸ್.

ಮುಂದಿನ ಪಂದ್ಯಕ್ಕೆ ಮುನ್ನ ಮಗನನ್ನು ಕೇಳಿ: ಕೊನೆಯ ಏಟು ಯಾರದು, ಅವನನ್ನು ತಡೆಯುವವರು ಯಾರು?