ಕತ್ತಲಾದ ತೆರೆಯ ಹಿಂದೆ

ಗಣಕದ ಮಾನಿಟರು ಒಂದು ದಿನ ಇದ್ದಕ್ಕಿದ್ದಂತೆ ಕಪ್ಪಾಯಿತೆಂದರೆ ಅದು ಕೆಟ್ಟೇಹೋಯಿತೆಂದು ತೀರ್ಮಾನಿಸಿ ಮೂಲೆಗೆ ಸರಿಸುವುದು ವಾಡಿಕೆ. ನಾಡಿ ಹಿಡಿದು ನೋಡುವ ಮೊದಲೇ ಗೋಳಾಡಲು ತೊಡಗಿದಂತಾಯಿತು ಇದು. ಎಲ್.ಸಿ.ಡಿ. ಎಂದು ಎಲ್ಲರೂ ಕರೆಯುವ, ದ್ರವಸ್ಫಟಿಕದ ತೆರೆಯುಳ್ಳ ಮಾನಿಟರಿನ ವಿಷಯದಲ್ಲಂತೂ ಈ ಆತುರ ಸಲ್ಲದು. ಏಕೆಂದರೆ ಅದರಲ್ಲಿ ಚಿತ್ರವನ್ನು ಮೂಡಿಸುವ ಅಂಗ ಬೇರೆ, ಆ ಚಿತ್ರವನ್ನು ನಮ್ಮ ಕಣ್ಣಿಗೆ ಮುಟ್ಟಿಸುವ ಬೆಳಕು ಬೇರೆ. ಒಂದು ಕೆಟ್ಟಾಗ ಇನ್ನೊಂದು ಸ್ವಸ್ಥವಾಗಿಯೇ ಉಳಿದಿರುವುದುಂಟು.

ನಮ್ಮ ಕಾಲೇಜಿನ ಉಗ್ರಾಣದಲ್ಲಿ ೨೦೦೭ರಲ್ಲಿ ಕೊಂಡ ಹದಿನೇಳು ಅಂಗುಲದ ಆರು ಮಾನಿಟರುಗಳು ಹರಾಜಿನ ದಿನವನ್ನು ಕಾಯುತ್ತ ಧೂಳು ತಿನ್ನುತ್ತಿದ್ದುವು. ಇತ್ತ ಪ್ರಯೋಗಶಾಲೆಯಲ್ಲಿ ಒಂದೊಂದು ಗಣಕದ ಮುಂದೆ ಮೂವರು ವಿದ್ಯಾರ್ಥಿಗಳು ಕತ್ತು ಚಾಚಿ ಕುಳಿತಿರುತ್ತಿದ್ದರು. ಆ ಆರರಲ್ಲಿ ಒಂದನ್ನು ಮೇಜಿನ ಮೇಲಿಟ್ಟು ಅದರ ರೋಗವನ್ನು ಹುಡುಕಿದ ಬಗೆಯನ್ನು ಇಲ್ಲಿ ವಿವರಿಸುತ್ತೇವೆ. ಇದರಲ್ಲಿ ಬೇಕಾದ ಭೌತವಿಜ್ಞಾನವೆಲ್ಲ ಪಿ.ಯು.ಸಿ. ಪುಸ್ತಕದಲ್ಲಿ ಇರತಕ್ಕದ್ದೇ.

ಮೊದಲು ತೆರೆಯ ರಚನೆಯನ್ನು ತಿಳಿಯೋಣ. ದ್ರವಸ್ಫಟಿಕವೆಂಬ ಹೆಸರೇ ವಿಚಿತ್ರವಾದುದು. ಹರಿಯುವ ವಸ್ತುವಿನಲ್ಲಿ ಸ್ಫಟಿಕದ ಶಿಸ್ತು ಎಲ್ಲಿಂದ ಬಂದೀತು? ೧೮೮೮ರಲ್ಲಿ ಪ್ರಾಗ್ ನಗರದಲ್ಲಿದ್ದ ಸಸ್ಯವಿಜ್ಞಾನಿ ಫ್ರೀಡ್‌ರಿಕ್ ರೈನಿಟ್ಸರನು ಕೊಲೆಸ್ಟರಿಲ್ ಬೆಂಜೊಯೇಟ್ ಎಂಬ ಪದಾರ್ಥವು ಎರಡು ಸಲ ಕರಗುವುದನ್ನು ಕಂಡನು. ೧೪೫.೫ ಡಿಗ್ರಿ ಸೆಂಟಿಗ್ರೇಡಿನಲ್ಲಿ ಅದು ಮಬ್ಬಾದ ದ್ರವವಾಯಿತು, ೧೭೮.೫ ಡಿಗ್ರಿಯಲ್ಲಿ ಆ ಮಬ್ಬು ಹರಿದು ತಿಳಿಯಾಯಿತು. ನಡುವಣ ಆ ಮಬ್ಬು ಸ್ಥಿತಿಯಲ್ಲಿ ಅಣುಗಳು ದ್ರವದಂತೆ ಜಾರಾಡುತ್ತಿದ್ದರೂ ಒಂದೇ ದಿಕ್ಕಿಗೆ ಮುಖಮಾಡಿರುತ್ತವೆ.

ಮಾನಿಟರಿನಲ್ಲಿ ಇಂತಹ ದ್ರವದ ತೆಳುವಾದ ಪದರವೊಂದು ಎರಡು ಗಾಜುಗಳ ನಡುವೆ ಸೆರೆಯಾಗಿರುತ್ತದೆ. ಗಾಜುಗಳ ಹೊರಮೈಗೆ ಒಂದೊಂದು ಪೋಲರಾಯಿಡ್ ಹಾಳೆಯನ್ನು ಅಂಟಿಸಿದೆ. ಒಂದರ ಅಕ್ಷ ಇನ್ನೊಂದಕ್ಕೆ ಅಡ್ಡ. ಇಂತಹ ಜೋಡಿಯ ಮೂಲಕ ಬೆಳಕು ಹಾಯಲಾರದೆಂಬುದನ್ನು ವಾಚಕರು ಬಲ್ಲರು. ಆದರೆ ನಡುವಣ ಅಣುಗಳು ಒಂದು ಗಾಜಿನಿಂದ ಇನ್ನೊಂದಕ್ಕೆ ಸುರುಳಿ ಮೆಟ್ಟಿಲಿನಂತೆ ೯೦ ಡಿಗ್ರಿ ತಿರುಚಿಕೊಂಡಿದ್ದು ಬೆಳಕಿನ ಧ್ರುವೀಕರಣವನ್ನೂ ತಮ್ಮೊಡನೆ ತಿರುಗಿಸುತ್ತವೆ. ಆಗ ಬೆಳಕು ಸರಾಗವಾಗಿ ಹೊರಬೀಳುತ್ತದೆ. ಕೆಲವು ವೋಲ್ಟುಗಳ ವಿಭವವನ್ನು ಹಾಯಿಸಿದರೆ ಅಣುಗಳು ಎದ್ದು ನೆಟ್ಟಗಾಗುತ್ತವೆ, ಸುರುಳಿ ಬಿಚ್ಚುತ್ತದೆ, ಬೆಳಕು ನಿಲ್ಲುತ್ತದೆ. ಅಂದಮೇಲೆ ಇದೊಂದು ಕವಾಟ, ದೀಪವಲ್ಲ. ನಮ್ಮ ಮಾನಿಟರಿನಲ್ಲಿ ಅಡ್ಡಲಾಗಿ ೧೨೮೦, ಉದ್ದಕ್ಕೆ ೧೦೨೪ ಚಿತ್ರಬಿಂದುಗಳು. ಪ್ರತಿಯೊಂದಕ್ಕೂ ಕೆಂಪು, ಹಸುರು, ನೀಲಿ ಎಂದು ಮೂರು ಕವಾಟಗಳು. ಲೆಕ್ಕಹಾಕಿದರೆ ಒಟ್ಟು ೩೯,೩೨,೧೬೦ ಆಗುತ್ತದೆ. ಒಂದೊಂದಕ್ಕೂ ಒಂದು ಟ್ರಾನ್ಸಿಸ್ಟರಿನ ಕಾವಲು. ಇಷ್ಟು ದೊಡ್ಡ ಸೈನ್ಯದಲ್ಲಿ ಬೆಳಕನ್ನು ಹುಟ್ಟಿಸಬಲ್ಲವನು ಒಬ್ಬನೂ ಇಲ್ಲ! ಬೆಳಕು ಬರುವುದು ಹಿಂದೆ ಅಡಗಿರುವ ದೀಪಗಳಿಂದ.

ಇಲ್ಲಿ ನಮ್ಮ ನಾಡಿನವರು ಹೆಮ್ಮೆಪಡಬಹುದಾದ ಸಂಗತಿಯೊಂದಿದೆ. ತಿರುಚಿದ ಪದರದ ತೆರೆಯನ್ನು ಓರೆಯಾಗಿ ನೋಡಿದರೆ ಬಣ್ಣಗಳು ಕೆಡುತ್ತವೆ. ಆ ದೋಷವನ್ನು ತಗ್ಗಿಸಲು ೧೯೯೦ರ ದಶಕದ ನಡುವಿನಿಂದ ಅನೇಕ ತೆರೆಗಳಿಗೆ ಒಂದು ತೆಳುವಾದ ಪೊರೆಯನ್ನು ಸೇರಿಸುತ್ತ ಬಂದರು. ಅದರಲ್ಲಿರುವುವು ತಟ್ಟೆಯ ಆಕಾರದ ಅಣುಗಳು. ಕಡ್ಡಿಯಂತಹ ಅಣುಗಳಷ್ಟೇ ಅಲ್ಲದೆ ತಟ್ಟೆಯಂತಹ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂದು ೧೯೭೭ರಲ್ಲಿ ತೋರಿಸಿಕೊಟ್ಟವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರು.

ಇನ್ನು ನಮ್ಮ ರೋಗಿಯ ಕಡೆಗೆ ತಿರುಗೋಣ. ಸ್ಕ್ರೂ ಬಿಚ್ಚುವ ಮೊದಲು ಹೊರಗಿನಿಂದಲೇ ತಿಳಿಯಬಹುದಾದುದು ಬಹಳವಿದೆ. ಗಣಕದ ತಂತಿಯನ್ನು ಕಳಚಿ ಮಾನಿಟರನ್ನು ಮಾತ್ರ ಹೊತ್ತಿಸಿದಾಗ ಸಂಕೇತವಿಲ್ಲವೆಂಬ ಬರಹ ತೆರೆಯ ಮೇಲೆ ಮೂಡಿತೆಂದರೆ ಮಾನಿಟರು ಬಹುಮಟ್ಟಿಗೆ ಆರೋಗ್ಯವಾಗಿದೆ. ತಪ್ಪನ್ನು ಗಣಕದಲ್ಲೋ ತಂತಿಯಲ್ಲೋ ಹುಡುಕತಕ್ಕದ್ದು. ಚಿತ್ರವೆಲ್ಲ ಹಳದಿಗೆ ತಿರುಗಿದ್ದರೆ ನೀಲಿಯ ಸಂಕೇತ ಬರುತ್ತಿಲ್ಲವೆಂದು ಅರ್ಥ. ಹದಿನೈದು ಕಡ್ಡಿಗಳ ಹಳೆಯ ಬಗೆಯ ವಿ.ಜಿ.ಎ. ಪ್ಲಗ್ಗಿನಲ್ಲಿ ಮೂರನೆಯ ಕಡ್ಡಿ ಬಾಗಿರಬಹುದು. ತೆರೆಯೆಲ್ಲ ಬರಿಯ ಬೆಳ್ಳಗೆ ಬೆಳಗುತ್ತಿದ್ದರೆ? ವಿಭವವಿಲ್ಲದಾಗ ಕವಾಟಗಳು ತೆರೆದಿರುತ್ತವೆಂದು ಆಗಲೇ ಹೇಳಿದೆವು. ಆದುದರಿಂದ ದೀಪಗಳು ಚೆನ್ನಾಗಿವೆ, ಕವಾಟಗಳಿಗೆ ಅಪ್ಪಣೆ ತಲುಪುತ್ತಿಲ್ಲ ಎಂದಾಯಿತು.

ನಮ್ಮ ಮಾನಿಟರಿನ ಲಕ್ಷಣ ಇವಾವುದೂ ಅಲ್ಲ. ಗುಂಡಿಯನ್ನು ಒತ್ತಿದೊಡನೆ ಹಸುರು ದೀಪ ಹೊತ್ತಿತು, ಚಿತ್ರವೂ ಬಂದಿತು, ಎರಡು ಸೆಕೆಂಡು ಕಳೆಯುವಷ್ಟರಲ್ಲಿ ಎಲ್ಲ ಕತ್ತಲು. ಹಸುರು ದೀಪ ಮಾತ್ರ ಹಾಗೆಯೇ ಇತ್ತು. ಆಗ ಕೊಠಡಿಯ ಕಿಟಕಿಗಳನ್ನು ಮುಚ್ಚಿಸಿ ಟಾರ್ಚಿನ ಬೆಳಕನ್ನು ತೆರೆಯ ಹತ್ತಿರ ಹಿಡಿದು ಓರೆಯಾಗಿ ಬಿಟ್ಟು ನೋಡಿದೆವು. ಕಪ್ಪು ತೆರೆಯೊಳಗೆ, ಕೊಳದ ತಳದಲ್ಲಿ ಬಿದ್ದ ನಾಣ್ಯದಂತೆ, ಅಕ್ಷರಗಳು ಮಸುಕಾಗಿ ಕಾಣಿಸಿದುವು! ಟಾರ್ಚಿನ ಬೆಳಕು ಕವಾಟಗಳನ್ನು ಹಾಯ್ದು, ಹಿಂದಿನ ಬಿಳಿಯ ಹಾಳೆಯಿಂದ ಚದರಿ, ಅದೇ ಕವಾಟಗಳ ಮೂಲಕ ಮರಳಿ ಬರುವುದರಿಂದ ಇದು ಸಾಧ್ಯ. ಸುತ್ತ ನಿಂತಿದ್ದ ವಿದ್ಯಾರ್ಥಿಗಳಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ. ಚಿತ್ರ ಸತ್ತಿಲ್ಲ, ಬೆಳಕು ಆರಿದೆ.

ಬೆಳಕು ಆರಲು ಎರಡು ಕಾರಣಗಳು ಸಾಧ್ಯ. ಆ ಕಾಲದ ಮಾನಿಟರುಗಳಲ್ಲಿ ದೀಪವೆಂದರೆ ಎರಡು ಮೂರು ಮಿಲಿಮೀಟರು ದಪ್ಪದ ಗಾಜಿನ ನಳಿಗೆ, ಮನೆಯ ಟ್ಯೂಬ್‌ಲೈಟಿನ ತಮ್ಮ. ಒಳಗಿನ ಪಾದರಸದ ಆವಿ ಅತಿನೇರಳೆ ಕಿರಣಗಳನ್ನು ಸೂಸುತ್ತದೆ, ಗೋಡೆಯ ಲೇಪ ಅದನ್ನು ಬಿಳಿಯ ಬೆಳಕಾಗಿಸುತ್ತದೆ. ಇದನ್ನು ಹೊತ್ತಿಸಲು ಸಾವಿರ ವೋಲ್ಟಿಗೂ ಮಿಕ್ಕ ಒತ್ತಡ ಬೇಕು. ಅದನ್ನು ಒದಗಿಸುವುದು ಇನ್ವರ್ಟರ್ ಎಂಬ ಮಂಡಲ. ಕರೆಂಟು ಹೋದಾಗ ಮನೆಯನ್ನು ಬೆಳಗುವ ಇನ್ವರ್ಟರಿಗೆ ಇದು ಸಂಬಂಧಿಯೇ; ಆದರೆ ಅದು ಸೆಕೆಂಡಿಗೆ ೫೦ ಆವರ್ತಗಳ ಪ್ರವಾಹವನ್ನು ಕೊಟ್ಟರೆ ಇದು ಸುಮಾರು ೫೦,೦೦೦ ಆವರ್ತಗಳನ್ನು ಕೊಡುತ್ತದೆ. ನಳಿಗೆಯ ಪ್ರವಾಹದಲ್ಲಿ ಏರುಪೇರು ಕಂಡೊಡನೆ ಇನ್ವರ್ಟರು ತಾನಾಗಿ ಎಲ್ಲ ದೀಪಗಳನ್ನೂ ಆರಿಸಿಬಿಡುತ್ತದೆ. ಆ ಎರಡು ಸೆಕೆಂಡಿನ ಗುಟ್ಟು ಇದೇ.

ದೋಷ ನಳಿಗೆಯದೋ, ಅದಕ್ಕೆ ಶಕ್ತಿಯನ್ನು ಒದಗಿಸುವ ಭಾಗದ್ದೋ? ಮುಪ್ಪಾದ ನಳಿಗೆಯ ಬೆಳಕು ನಸುಗೆಂಪಾಗುತ್ತದೆ. ನಾವು ಮಾನಿಟರನ್ನು ನಾಲ್ಕಾರು ಸಲ ಹೊತ್ತಿಸಿ ನೋಡಿದೆವು. ಆ ಎರಡು ಸೆಕೆಂಡಿನ ಬೆಳಕು ಪ್ರತಿಸಲವೂ ಅಚ್ಚ ಬಿಳುಪಾಗಿತ್ತು. ಸಂಶಯ ಶಕ್ತಿಪೂರೈಕೆಯ ಮೇಲೆ ಬಿದ್ದಿತು.

ಇಲ್ಲಿಂದ ಮುಂದಿನದು ಪೆಟ್ಟಿಗೆಯನ್ನು ತೆರೆಯುವ ಕೆಲಸ. ಪ್ರೌಢಶಾಲೆಯ ವಿದ್ಯಾರ್ಥಿಗಳು ತಿಳಿದವರು ಪಕ್ಕದಲ್ಲಿಲ್ಲದೆ ಇದಕ್ಕೆ ಕೈಹಾಕಲೇಬಾರದು. ಕಾರಣವನ್ನು ಲೆಕ್ಕದಿಂದಲೇ ತಿಳಿಯಬಹುದು. ಗೋಡೆಯ ೨೩೦ ವೋಲ್ಟು ಪರ್ಯಾಯ ಪ್ರವಾಹವನ್ನು ಏಕಮುಖವಾಗಿಸಿದರೆ ಸುಮಾರು ೩೨೫ ವೋಲ್ಟು ಆಗುತ್ತದೆ. ಅದನ್ನು ಹಿಡಿದಿಡುವ ದೊಡ್ಡ ಕೆಪಾಸಿಟರಿನ ಧಾರಕತೆ ೧೦೦ ಮೈಕ್ರೊಫ್ಯಾರಡ್ ಎಂದುಕೊಂಡರೆ ಅದರಲ್ಲಿ ಅಡಗಿರುವ ಶಕ್ತಿ ಐದು ಜೂಲಿಗಿಂತ ತುಸು ಹೆಚ್ಚು. ಪ್ಲಗ್ಗನ್ನು ಕಿತ್ತ ಮೇಲೂ ಅದು ಕೆಲಕಾಲ ಅಲ್ಲೇ ಹೊಂಚುಹಾಕಿರುತ್ತದೆ. ನಾವು ೧೦,೦೦೦ ಓಮ್ ರೋಧವೊಂದನ್ನು ಉದ್ದನೆಯ ನಿರೋಧಕ ಹಿಡಿಗಳ ಮೂಲಕ ಅದರ ತುದಿಗಳಿಗೆ ಮುಟ್ಟಿಸಿ ಹಿಡಿದೆವು. ಕಾಲಸ್ಥಿರಾಂಕ ಒಂದು ಸೆಕೆಂಡು. ಐದು ಸೆಕೆಂಡಿನಲ್ಲಿ ವಿಭವ ನೂರರಲ್ಲಿ ಒಂದು ಪಾಲಿಗೂ ಕಡಿಮೆಯಾಗಬೇಕು. ಆದರೂ ಮೀಟರಿನಿಂದ ಅಳೆದು ಖಚಿತಪಡಿಸಿಕೊಂಡ ಮೇಲೆಯೇ ಒಳಗೆ ಬೆರಳಿಟ್ಟೆವು.

ಒಳಗೆ ನೋಡಿದರೆ ಅಪರಾಧಿಗಳು ತಲೆಯೆತ್ತಿಕೊಂಡೇ ನಿಂತಿದ್ದುವು. ೧೨ ವೋಲ್ಟಿನ ಸಾಲಿನಲ್ಲಿದ್ದ, ಕಿರುಬೆರಳಿನ ಗಾತ್ರದ ಎರಡು ಕೆಪಾಸಿಟರುಗಳ ನೆತ್ತಿ ಚಪ್ಪಟೆಯಾಗಿರುವ ಬದಲು ಪೂರಿಯಂತೆ ಉಬ್ಬಿದ್ದಿತು. ಹಳೆಯ ರೇಡಿಯೋ ರಿಪೇರಿಯವರು ಕಂಡೆನ್ಸರು ಎಂದು ಕರೆಯುತ್ತಿದ್ದುದು ಇದನ್ನೇ. ಇದರ ಕೆಲಸ ನೀರಿನ ತೊಟ್ಟಿಯದು. ಪೂರೈಕೆಯ ಮಂಡಲ ಪ್ರವಾಹವನ್ನು ಕೊಡಕೊಡವಾಗಿ ಸುರಿಯುತ್ತದೆ. ತೊಟ್ಟಿಯಿದ್ದರೆ ನಲ್ಲಿಯಲ್ಲಿ ಧಾರೆ ಒಂದೇ ಸಮನಾಗಿ ಬರುತ್ತದೆ. ತೊಟ್ಟಿ ಹೂಳು ತುಂಬಿದರೆ ಧಾರೆ ತುಂಡುತುಂಡಾಗುತ್ತದೆ. ಅಲ್ಯೂಮಿನಿಯಂ ಹಾಳೆಗಳ ನಡುವೆ ವಿದ್ಯುದ್ವಿಭಾಜ್ಯ ದ್ರವದಲ್ಲಿ ನೆನೆದ ಕಾಗದವನ್ನು ಸುತ್ತಿ ಇದನ್ನು ಮಾಡಿರುತ್ತಾರೆ. ಕಾಲಕ್ರಮದಲ್ಲಿ ದ್ರವ ಒಣಗುತ್ತದೆ, ಒಳಗಿನ ರೋಧ ಹೆಚ್ಚುತ್ತದೆ, ರೋಧ ಹೆಚ್ಚಿದಷ್ಟೂ ಕಾವು ಹೆಚ್ಚುತ್ತದೆ, ಕಾವಿನಿಂದ ದ್ರವ ಇನ್ನಷ್ಟು ಒಣಗುತ್ತದೆ. ಜೊತೆಗೆ ಹೈಡ್ರೋಜನ್ ಅನಿಲವೂ ಹುಟ್ಟಿ ನೆತ್ತಿಯನ್ನು ಉಬ್ಬಿಸುತ್ತದೆ. ೨೦೦೦ದ ಆಸುಪಾಸಿನಲ್ಲಿ ತಯಾರಾದ ಕೆಲವು ಕೆಪಾಸಿಟರುಗಳಲ್ಲಿ ದ್ರವದ ಮಿಶ್ರಣವೇ ದೋಷಪೂರಿತವಾಗಿದ್ದು ಪ್ರಪಂಚದ ಎಲ್ಲೆಡೆ ಗಣಕಗಳು ಅಕಾಲದಲ್ಲಿ ಕೆಟ್ಟುದೂ ಉಂಟು.

ನಮ್ಮದರ ಮೈಮೇಲೆ ೧೦೫ ಡಿಗ್ರಿ ಎಂದು ಬರೆದಿತ್ತು. ಆ ಉಷ್ಣತೆಯಲ್ಲಿ ಇಂತಹುದರ ಆಯುಸ್ಸು ೨,೦೦೦ ಗಂಟೆ ಎಂದಿಟ್ಟುಕೊಳ್ಳೋಣ. ಪ್ರತಿ ಹತ್ತು ಡಿಗ್ರಿ ಇಳಿದಂತೆ ಆಯುಸ್ಸು ಇಮ್ಮಡಿಯಾಗುತ್ತದೆಂಬುದು ಎಂಜಿನಿಯರರ ಸ್ಥೂಲ ನಿಯಮ. ೬೫ ಡಿಗ್ರಿಯಲ್ಲಿ ಅದು ೩೨,೦೦೦ ಗಂಟೆ ಬಾಳಬೇಕು. ಆದರೆ ತಯಾರಕರು ಈ ಬಡಪಾಯಿಗಳನ್ನು ಕಾದ ಲೋಹದ ರೆಕ್ಕೆಯೊಂದಕ್ಕೆ ತಾಗಿಕೊಂಡಂತೆ ನಿಲ್ಲಿಸಿದ್ದರು! ೮೫ ಡಿಗ್ರಿಯಾದರೆ ಉಳಿಯುವುದು ೮,೦೦೦ ಗಂಟೆ ಮಾತ್ರ. ದಿನಕ್ಕೆ ಆರು ಗಂಟೆಯಂತೆ ವರ್ಷಕ್ಕೆ ಇನ್ನೂರು ದಿನ ನಡೆಯುವ ಕಾಲೇಜಿನಲ್ಲಿ ಇದು ಏಳು ವರ್ಷಕ್ಕೂ ಸಾಲದು. ಒಂದು ಬೆರಳಗಲ ದೂರವಿಟ್ಟಿದ್ದರೆ ಎಷ್ಟೋ ಮಾನಿಟರುಗಳು ಉಗ್ರಾಣ ಸೇರುತ್ತಿರಲಿಲ್ಲ.

ಕಣ್ಣನ್ನೇ ನಂಬಿ ಕೆಲಸವನ್ನು ಮುಗಿಸಲಾಗದು. ಪಕ್ಕದ ಮೂರನೆಯ ಕೆಪಾಸಿಟರು ನೋಡಲು ನೆಟ್ಟಗಿತ್ತು. ಕಿತ್ತು ಅಳೆದರೆ ಧಾರಕತೆ ಬರೆದುದರ ಮೂರರಲ್ಲೊಂದು ಪಾಲು ಮಾತ್ರ. ಮಲ್ಟಿಮೀಟರನ್ನೂ ಹಾಗೆಯೇ ಸಂಶಯದಿಂದ ಕಾಣಬೇಕು. ಹಳೆಯ ಕೆಪಾಸಿಟರುಗಳನ್ನು ಕೀಳುವ ಮೊದಲು ಆ ಸಾಲಿನ ವಿಭವವನ್ನು ಅಳೆದಾಗ ಮುಳ್ಳು ೧೨ರ ಹತ್ತಿರವೇ ನಿಂತಿತ್ತು, ಏಕೆಂದರೆ ಮೀಟರು ಹೇಳುವುದು ಸರಾಸರಿಯನ್ನು. ಅದೇ ಬಿಂದುವನ್ನು ಆಸಿಲೋಸ್ಕೋಪಿಗೆ ಜೋಡಿಸಿದಾಗ ಗೆರೆ ಗರಗಸದಂತೆ ಏರಿಳಿಯುತ್ತಿದ್ದುದು ಕಾಣಿಸಿತು. ತಗ್ಗು ಬಿದ್ದಾಗಲೆಲ್ಲ ಇನ್ವರ್ಟರಿಗೆ ಉಸಿರು ಕಟ್ಟುತ್ತಿತ್ತು.

ಹೊಸ ಕೆಪಾಸಿಟರುಗಳು ಬೆಂಗಳೂರಿನ ಎಸ್. ಪಿ. ರಸ್ತೆಯ ಅಂಗಡಿಯೊಂದರಲ್ಲಿ ಸಿಕ್ಕಿದುವು. ಮೂರಕ್ಕೂ ಸೇರಿ ನೂರು ರೂಪಾಯಿಯೂ ಆಗಲಿಲ್ಲ. ಧಾರಕತೆ ಹಳೆಯದರಷ್ಟೇ ಇರಬೇಕು. ವೋಲ್ಟಿನ ಮಿತಿ ಅಷ್ಟೇ ಇರಬಹುದು ಅಥವಾ ಹೆಚ್ಚಿರಬಹುದು, ಕಡಿಮೆ ಕೂಡದು. ಒಳರೋಧ ಕಡಿಮೆಯಿರುವ, ೧೦೫ ಡಿಗ್ರಿಯ ಬಗೆಯನ್ನೇ ಕೇಳಿ ಪಡೆಯಬೇಕು. ಮೈಮೇಲಿನ ಬಿಳಿಯ ಪಟ್ಟೆ ಋಣ ತುದಿಯ ಗುರುತು; ಅದನ್ನು ತಿರುವುಮುರುವಾಗಿ ಬೆಸೆದರೆ ಕೆಪಾಸಿಟರು ಸಿಡಿಯುತ್ತದೆ. ಬೆಸುಗೆಯನ್ನು ದ್ವಿತೀಯ ಬಿ.ಎಸ್‌ಸಿ.ಯ ವಿದ್ಯಾರ್ಥಿನಿಯೊಬ್ಬಳು ನಮಗಿಂತ ಅಚ್ಚುಕಟ್ಟಾಗಿ ಹಾಕಿದಳು. ಮುಚ್ಚಳವನ್ನು ಕೂಡಿಸಿ ಗುಂಡಿ ಒತ್ತಿದೆವು. ಎರಡು ಸೆಕೆಂಡು ಕಳೆಯಿತು, ಎರಡು ನಿಮಿಷ ಕಳೆಯಿತು. ಸಂಜೆ ಪ್ರಯೋಗಶಾಲೆಗೆ ಬೀಗ ಹಾಕುವವರೆಗೂ ಬೆಳಕು ಆರಲಿಲ್ಲ.

ಉಳಿದ ಐದರಲ್ಲಿ ಮೂರಕ್ಕೆ ಇದೇ ರೋಗ, ಇದೇ ಚಿಕಿತ್ಸೆ. ನಾಲ್ಕನೆಯದರಲ್ಲಿ ನೆತ್ತಿಯಿಂದ ಬುಡದವರೆಗೆ ನೆಟ್ಟನೆಯ ಗೆರೆಗಳಿದ್ದುವು. ಅಂಚಿನಲ್ಲಿ ಗಾಜಿಗೆ ಅಂಟಿಸಿದ ಕೂದಲೆಳೆಯಂತಹ ವಾಹಕಗಳು ಬಿಟ್ಟುಕೊಂಡಾಗ ಹೀಗಾಗುತ್ತದೆ. ಇದನ್ನು ಮೇಜಿನ ಮೇಲೆ ಸರಿಪಡಿಸುವ ಆಸೆ ಬೇಡ. ಐದನೆಯದರ ಗಾಜೇ ಒಡೆದಿತ್ತು. ೨೦೧೦ರ ಈಚಿನ ಮಾನಿಟರುಗಳಲ್ಲಾದರೋ ನಳಿಗೆಯ ಬದಲು ಎಲ್.ಇ.ಡಿ.ಗಳ ಸರಗಳಿವೆ. ದೀಪಾವಳಿಯ ಸೀರಿಯಲ್ ದೀಪಗಳಂತೆ ಒಂದು ಕಡಿದರೆ ಆ ಸರವೆಲ್ಲ ಆರುತ್ತದೆ. ಟಾರ್ಚಿನ ಪರೀಕ್ಷೆ ಅಲ್ಲಿಯೂ ಸಲ್ಲುತ್ತದೆ.

ವಾಸಿಯಾಗದ ಎರಡರ ನಳಿಗೆಗಳಲ್ಲಿ ಪಾದರಸವಿರುವುದರಿಂದ ಅವನ್ನು ಕಸದ ತೊಟ್ಟಿಗೆ ಎಸೆಯುವಂತಿಲ್ಲ. ಒಡೆಯದಂತೆ ಕಾಗದದಲ್ಲಿ ಸುತ್ತಿ, ಉಳಿದ ಭಾಗಗಳೊಡನೆ ನೋಂದಾಯಿತ ಇ-ತ್ಯಾಜ್ಯ ಸಂಸ್ಥೆಗೆ ಕಳುಹಿಸಿಕೊಟ್ಟೆವು. ಒಡೆದ ಗಾಜಿನ ಹೊರಮೈಯಿಂದ ಮೆಲ್ಲನೆ ಸುಲಿದು ತೆಗೆದ ಪೋಲರಾಯಿಡ್ ಹಾಳೆಯನ್ನು ಮಾತ್ರ ಇಟ್ಟುಕೊಂಡೆವು. ಅದರ ತುಂಡುಗಳನ್ನು ಈಗ ಪ್ರಥಮ ವರ್ಷದವರು ಬೆಳಕಿನ ಧ್ರುವೀಕರಣದ ಪ್ರಯೋಗಕ್ಕೆ ಬಳಸುತ್ತಿದ್ದಾರೆ.